ಹೊಗೆಸೊಪ್ಪಿನ ಎಲೆಯಲ್ಲಿ ಲಸಿಕೆ ತಯಾರಿಕೆ

ರಾಸುಗಳಿಗೆ ಹಾಕಿಸುವ ಕಾಲುಬಾಯಿ ಜ್ವರದ ಲಸಿಕೆ ತಯಾರಾಗುವುದು ಹೇಗೆಂದು ಹಲವು ಉತ್ಪಾದಕರು ಕೇಳುತ್ತಿರುತ್ತಾರೆ. ಜೀವಂತ ವೈರಾಣುವನ್ನು ಕಾರ್ಖಾನೆಯಲ್ಲಿ ಪ್ರಾಣಿಕೋಶಗಳ ಮೇಲೆ ಬೆಳೆಸಿ, ರಾಸಾಯನಿಕದಿಂದ ನಿರ್ಜೀವಗೊಳಿಸಿ ಇದನ್ನು ತಯಾರಿಸುತ್ತಾರೆ. ಈ ಕೆಲಸಕ್ಕೆ ಬಿಗಿಯಾದ ಭದ್ರತೆ ಬೇಕು. 2007ರಲ್ಲಿ ಇಂಗ್ಲೆಂಡಿನ ಪಿರ್‌ಬ್ರೈಟ್ ಎಂಬಲ್ಲಿ ಸಂಶೋಧನೆ ಮತ್ತು ಲಸಿಕೆ ತಯಾರಿಕೆ ನಡೆಯುವ ಆವರಣದಿಂದ ವೈರಾಣು ಹೊರಬಿದ್ದು, ಸುತ್ತಲಿನ ರೈತರ ದನಗಳಿಗೆ ರೋಗ ಹರಡಿತು. ಆದ್ದರಿಂದ ವೈರಾಣುವನ್ನೇ ಬೆಳೆಸದೆ ಲಸಿಕೆ ಮಾಡುವ ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅದರಲ್ಲಿ ಒಂದು, ಗಿಡಗಳ ಬಳಕೆ.

ವೈರಾಣುವಿಗೆ ಹೊರಗೆ ಪ್ರೋಟೀನಿನ ಕವಚ, ಒಳಗೆ ವಂಶವಾಹಿ ಇರುತ್ತದೆ. ರಾಸುವಿನ ದೇಹ ಶತ್ರುವನ್ನು ಗುರುತಿಸುವುದು ಮುಖ್ಯವಾಗಿ ಈ ಕವಚದಿಂದ. ತಿರುಳಿಲ್ಲದ ತೆಂಗಿನ ಚಿಪ್ಪು ಹೇಗೆ ಮೊಳೆಯಲಾರದೋ ಹಾಗೆಯೇ ಬರಿಯ ಕವಚ ರೋಗ ತರಲಾರದು. ಆದರೆ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸಬಲ್ಲದು.

ಕವಚವನ್ನು ರೂಪಿಸುವ ವಂಶವಾಹಿಯನ್ನು ಮಣ್ಣಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದನ್ನು ಹೊಗೆಸೊಪ್ಪಿನ ಜಾತಿಯ ಗಿಡದ ಎಲೆಯೊಳಕ್ಕೆ ತುಂಬುತ್ತಾರೆ. ಕೆಲವೇ ದಿನಗಳಲ್ಲಿ ಎಲೆ ಆ ಪ್ರೋಟೀನನ್ನು ತಯಾರಿಸುತ್ತದೆ. ಎಲೆಯನ್ನು ಅರೆದು, ಸೋಸಿ, ಶುದ್ಧೀಕರಿಸಿ ಪ್ರೋಟೀನನ್ನು ಬೇರ್ಪಡಿಸುತ್ತಾರೆ.

1999ರಲ್ಲಿ ಅರ್ಜೆಂಟೀನಾದ ವಿಜ್ಞಾನಿಗಳು ಕುದುರೆಮಸಾಲೆ ಗಿಡದಲ್ಲಿ ಕಾಲುಬಾಯಿ ವೈರಾಣುವಿನ ಕವಚದ ಒಂದು ಪ್ರೋಟೀನನ್ನು ತಯಾರಿಸಿ, ಇಲಿಗಳಲ್ಲಿ ರಕ್ಷಣೆ ಕಂಡರು. 2006ರಲ್ಲಿ ಕೋಳಿಗಳ ಕೊಕ್ಕರೆ ರೋಗಕ್ಕೆ ಹೊಗೆಸೊಪ್ಪಿನ ಕೋಶಗಳಿಂದ ಮಾಡಿದ ಲಸಿಕೆಗೆ ಅಮೆರಿಕ ಅನುಮತಿ ನೀಡಿತು. ಆದರೆ ಅದು ಮಾರಾಟಕ್ಕೆ ಬರಲಿಲ್ಲ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಲೆಯಲ್ಲಿ ತಯಾರಿಸಿದ ಪೊಳ್ಳು ಕವಚಗಳು ಕುರಿಗಳನ್ನು ನೀಲಿನಾಲಿಗೆ ರೋಗದಿಂದ ಕಾಪಾಡಿದವು.

ರೋಗಪತ್ತೆಗೂ ಈ ವಿಧಾನ ಉಪಯುಕ್ತ. ಕಾಲುಬಾಯಿ ವೈರಾಣು ದೇಹದಲ್ಲಿ ಬೆಳೆಯುವಾಗ ಕವಚದಲ್ಲಿಲ್ಲದ ಬೇರೆ ಪ್ರೋಟೀನುಗಳನ್ನೂ ತಯಾರಿಸುತ್ತದೆ. ಶುದ್ಧೀಕರಿಸಿದ ಲಸಿಕೆಯಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ರಕ್ತಪರೀಕ್ಷೆಯಲ್ಲಿ ಇವುಗಳ ವಿರುದ್ಧದ ಪ್ರತಿಕಾಯ ಕಂಡರೆ, ರಾಸಿಗೆ ಸೋಂಕು ತಗುಲಿತ್ತೆಂದು ತಿಳಿಯಬಹುದು. ಈ ಪರೀಕ್ಷೆಗೆ ಬೇಕಾದ ಪ್ರೋಟೀನನ್ನು ಜೀವಂತ ವೈರಾಣುವನ್ನು ಮುಟ್ಟದೆ ಬ್ಯಾಕ್ಟೀರಿಯಾದಲ್ಲಿ ತಯಾರಿಸಬಹುದು. ಗಿಡವೂ ಅಂಥದೇ ಮತ್ತೊಂದು ದಾರಿ.

ತೊಡಕುಗಳೂ ಇವೆ. ಗಿಡದಲ್ಲಿ ಸಿಗುವ ಪ್ರೋಟೀನಿನ ಪ್ರಮಾಣ ಹಲವು ಬಾರಿ ಕಡಿಮೆ, ಶುದ್ಧೀಕರಣದ ಖರ್ಚು ಹೆಚ್ಚು. ಸೊಪ್ಪನ್ನೇ ಮೇಯಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಮೆಲುಕು ಹಾಕುವ ದನದ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಪ್ರೋಟೀನಿನ ಬಹುಭಾಗವನ್ನು ಒಡೆದುಹಾಕುತ್ತವೆ. ಅಲ್ಲದೆ ಹೊಗೆಸೊಪ್ಪು ದನಗಳಿಗೆ ವಿಷ. ಅದನ್ನು ಯಾವ ಕಾರಣಕ್ಕೂ ಮೇಯಿಸಬಾರದು.

ಎಲೆಯ ಲಸಿಕೆ ಬರಲೆಂದು ಕಾಯುತ್ತ ಕೂರುವಂತಿಲ್ಲ. ಕಾಲುಬಾಯಿ ಜ್ವರಕ್ಕೆ ಇಂದು ನಮಗಿರುವ ರಕ್ಷಣೆ ಸೂಜಿಮದ್ದೇ. ನಾಲ್ಕು ತಿಂಗಳು ತುಂಬಿದ ಕರುವಿಗೆ ಮೊದಲ ಲಸಿಕೆ, ಒಂದು ತಿಂಗಳ ನಂತರ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿರಿ. ಲಸಿಕೆಯ ನಂತರ ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು, ಅದಕ್ಕೆ ಹೆದರಬೇಡಿ. ರೋಗ ಬಂದರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.