ಲ್ಯಾಪ್‌ಟಾಪಿಗೊಂದು ಮೆಮೊರಿ ಕಾರ್ಡು

ಮದುವೆ, ಗೃಹಪ್ರವೇಶಗಳ ಚಿತ್ರಗಳು ಇಂದು ಆಲ್ಬಮ್ಮಿಗೂ ಮೊದಲು ಉಗುರಿನಷ್ಟಿರುವ ಮೆಮೊರಿ ಕಾರ್ಡಿನಲ್ಲಿಯೇ ಮನೆ ಸೇರುತ್ತಿವೆ. ಕಮ್ಮನಹಳ್ಳಿಯ ಸದ್ಭಕ್ತ ಕುಟುಂಬಗಳು ಕಾರ್ಡು ಕೊಳ್ಳುವಾಗ ಬೆಲೆಯೊಂದನ್ನೇ ನೋಡಬಾರದೆಂಬುದು ನಮ್ಮ ವಿನಂತಿ. ನಕಲಿ ಕಾರ್ಡು ತಾನು ೧೨೮ ಜಿಬಿಯದೆಂದು ತೋರಿಸಿಕೊಳ್ಳುತ್ತದೆ. ಒಳಗಿರುವ ಅಲ್ಪ ಜಾಗ ತುಂಬಿದ ಮೇಲೆ ಹಾಕಿದ ಚಿತ್ರಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಹಿರಿಯರ ಕಡೆಯ ಭಾವಚಿತ್ರ ಹಾಗೆ ಹೋದರೆ ಮರಳಿ ತರುವವರಾರು? ಆದುದರಿಂದ ಕೊಂಡೊಡನೆ ಲ್ಯಾಪ್‌ಟಾಪಿನಿಂದ ಕಾರ್ಡು ಪೂರ್ತಿ ತುಂಬುವಷ್ಟು ಫೈಲುಗಳನ್ನು ಹಾಕಿ, ಒಂದೊಂದನ್ನೂ ತೆರೆದು ಪರೀಕ್ಷಿಸಬೇಕು, ರಸೀದಿಯನ್ನೂ ಜೋಪಾನವಾಗಿಡಬೇಕು.

ರೀಡರಿನ ಮಾತು ಬೇರೆ. ೩೨ ಜಿಬಿ ಮೀರಿದ ಕಾರ್ಡುಗಳನ್ನು ಅನೇಕ ಹಳೆಯ ರೀಡರುಗಳು ಓದಲಾರವು. ಯುಎಸ್‌ಬಿ ೨ರ ರೀಡರು ಸೆಕೆಂಡಿಗೆ ೪೦ ಎಂಬಿ ದಾಟುವುದು ಅಪರೂಪವಾದ್ದರಿಂದ ಯುಎಸ್‌ಬಿ ೩ರದನ್ನೇ ಆರಿಸುವುದು ಲೇಸು. ಚಿತ್ರಗಳು ಲ್ಯಾಪ್‌ಟಾಪಿಗೂ ಇನ್ನೊಂದು ಡಿಸ್ಕಿಗೂ ಸೇರುವ ತನಕ ಕಾರ್ಡನ್ನು ಅಳಿಸಕೂಡದು.