ಉಸಿರು ಮೊದಲು ಬರುತ್ತೆ, ಮೂಳೆ ಆಮೇಲೆ: ಗಾಯದ ನಂತರ ದೂರದ ಓಟದ ಸ್ಪರ್ಧೆಗೆ ಮರಳುವುದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಗುರುಗಳೇ, ಗೆಳೆಯರೇ, ನನ್ನ ಮಾತು ಕೇಳಿಸ್ತಾ ಇದೆ ಅಂದುಕೊಳ್ತೀನಿ. ನಾನು ಹೇಮಾವತಿಯಿಂದ ಮಾತಾಡ್ತಾ ಇದ್ದೀನಿ. ಮಡಕಶಿರಾ ಕಡೆಯ ಊರು. ನೊಳಂಬರ ಕಾಲದಲ್ಲಿ ಇದು ಹೆಂಜೇರು, ಅವರ ರಾಜಧಾನಿ. ಇತಿಹಾಸ ವಿಭಾಗದವರಿಗೆ ಇಲ್ಲಿನ ದೊಡ್ಡೇಶ್ವರ ಗುಡಿಯ ಕಂಬಗಳು ಗೊತ್ತಿರುತ್ತವೆ. ಇವತ್ತು ನನ್ನ ವಿಷಯ ಕಲ್ಲುಕಂಬ ಅಲ್ಲ, ಕಾಲಿನ ಕಂಬ. ಮೊಣಕಾಲಿನಿಂದ ಕೆಳಗಿನ ದಪ್ಪ ಮೂಳೆ, ಟಿಬಿಯಾ.

ಆ ಮೂಳೆ ನನಗೆ ಎರಡು ಸಲ ಬಿರುಕು ಬಿಟ್ಟಿದೆ. ಮೊದಲನೆಯದನ್ನು ದುರದೃಷ್ಟ ಅನ್ನಬಹುದು. ಎರಡನೆಯದು ನಾನು ಮರಳಿದ ರೀತಿಯಿಂದಲೇ ಆದದ್ದು. ಆರು ವಾರ ವಿಶ್ರಾಂತಿ ತಗೊಂಡೆ, ನೋವು ಹೋಯಿತು, ನಾಲ್ಕು ವಾರ ಓಡಿದೆ, 10 ಕಿ.ಮೀ. ಸ್ಪರ್ಧೆಗೆ ಇಳಿದೆ. ಏಳನೇ ಕಿಲೋಮೀಟರಿನಲ್ಲಿ ಅದೇ ಜಾಗದಲ್ಲಿ ಅದೇ ನೋವು. ನೋವು ಹೋದಮೇಲೂ ಮೂಳೆ ಯಾಕೆ ಸೋತಿತು? ಈ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಈ ಪ್ರಬಂಧ.

1. ಬಿರುಕು ಹೇಗೆ ಬರುತ್ತೆ

ನಿಮಿಷಕ್ಕೆ 170 ಹೆಜ್ಜೆ ಹಾಕುವವಳು 10 ಕಿ.ಮೀ. ಅನ್ನು 50 ನಿಮಿಷದಲ್ಲಿ ಓಡಿದರೆ 8,500 ಹೆಜ್ಜೆ ಆಗುತ್ತೆ. ಒಂದೊಂದು ಕಾಲಿಗೆ 4,250. ಇಷ್ಟು ಸಲ ಭಾರ ಬಿದ್ದಾಗ ಮೂಳೆಯೊಳಗೆ ಸೂಕ್ಷ್ಮ ಸೀಳುಗಳು ಏಳುವುದು ಸಹಜ. ದೇಹ ಅದನ್ನು ರಿಪೇರಿ ಮಾಡುತ್ತೆ. ಒಂದು ಬಗೆಯ ಜೀವಕೋಶಗಳು ಹಾಳಾದ ಭಾಗವನ್ನು ಕೊರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಹೊಸ ಮೂಳೆ ತುಂಬುತ್ತವೆ. ಕೊರೆಯುವ ಕೆಲಸ ಸುಮಾರು ಮೂರು ವಾರದಲ್ಲಿ ಮುಗಿಯುತ್ತೆ. ತುಂಬುವುದಕ್ಕೆ ಸುಮಾರು ಮೂರು ತಿಂಗಳು ಬೇಕು.

ಹಳೇ ಗೋಡೆಯ ಕಲ್ಲು ಕಿತ್ತು ಹೊಸದು ಕೂರಿಸುವಾಗ, ಕಿತ್ತ ಮೇಲೆ ಕೂರಿಸುವ ಮುಂಚೆ ಗೋಡೆ ಮೊದಲಿಗಿಂತಲೂ ಬಲಹೀನವಾಗಿರುತ್ತಲ್ಲ, ಇದೂ ಹಾಗೆ. ಆ ನಡುವಿನ ಸಮಯದಲ್ಲೇ ಹೆಚ್ಚು ಓಡಿದರೆ ಸೀಳು ಬಿರುಕಾಗುತ್ತೆ. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಇದು ಅನೇಕ ಸಲ ಕಾಣುವುದೇ ಇಲ್ಲ. ಎಂಆರ್‌ಐ ಬೇಕಾಗುತ್ತೆ. 'ಎಕ್ಸ್‌ರೇ ನಾರ್ಮಲ್ ಇದೆ' ಅಂದ ಮಾತ್ರಕ್ಕೆ ಓಡಬಹುದು ಅಂತ ಅರ್ಥ ಅಲ್ಲ. ಬಿರುಕಿನ ಜಾಗವೂ ಮುಖ್ಯ. ಟಿಬಿಯಾದ ಒಳಬದಿಯ ಹಿಂಭಾಗದ್ದು ಸಾಮಾನ್ಯವಾಗಿ ವಿಶ್ರಾಂತಿಯಿಂದ ಕೂಡಿಕೊಳ್ಳುತ್ತೆ. ಮುಂಭಾಗದ್ದು, ತೊಡೆಮೂಳೆಯ ಕುತ್ತಿಗೆಯದು, ಪಾದದ ನ್ಯಾವಿಕ್ಯುಲರ್ ಮೂಳೆಯದು ಅಪಾಯದವು. ಅವನ್ನು ವೈದ್ಯರ ಕೈಗೇ ಬಿಡಬೇಕು.

2. ಎರಡು ಗಡಿಯಾರ

1984ರಲ್ಲಿ ಕಾಯ್ಲ್ ಮತ್ತು ಸಂಗಡಿಗರು ಚೆನ್ನಾಗಿ ತರಬೇತಾದ ಏಳು ಜನರನ್ನು ಅಭ್ಯಾಸ ನಿಲ್ಲಿಸಿ ಗಮನಿಸಿದರು. ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಮೊದಲ ಮೂರು ವಾರದಲ್ಲಿ ಶೇ. 7 ಇಳಿಯಿತು. 56 ದಿನಗಳ ಹೊತ್ತಿಗೆ ಶೇ. 16ರಷ್ಟು ಇಳಿದು ಅಲ್ಲಿಗೆ ನಿಂತಿತು. ಅಂದರೆ ಎರಡು ತಿಂಗಳು ಬಿಟ್ಟರೂ ಎಲ್ಲವೂ ಕರಗಿ ಹೋಗುವುದಿಲ್ಲ. ಮರಳಿ ಶುರು ಮಾಡಿದಾಗ ಉಸಿರು, ಹೃದಯ, ಸ್ನಾಯು ವಾರಗಳಲ್ಲೇ ಚೇತರಿಸಿಕೊಳ್ಳುತ್ತವೆ.

ಅಪಾಯ ಇರೋದು ಇಲ್ಲೇ. ಎದೆ 'ಓಡು' ಅನ್ನುತ್ತೆ, ಮೂಳೆ ಇನ್ನೂ ಕಟ್ಟಿಕೊಳ್ತಾ ಇರುತ್ತೆ. ನನ್ನ ನಾಲ್ಕನೇ ವಾರದ ಓಟ ಎಷ್ಟು ಹಗುರವಾಗಿತ್ತೆಂದರೆ, ಗಾಯ ಆಗಿಯೇ ಇರಲಿಲ್ಲ ಅನ್ನಿಸಿತ್ತು. ನಾನು ಉಸಿರಿನ ಗಡಿಯಾರ ನೋಡಿದೆ, ಮೂಳೆಯ ಗಡಿಯಾರ ನೋಡಲಿಲ್ಲ.

ಪೌಲಾ ರ‍್ಯಾಡ್‌ಕ್ಲಿಫ್ ಅವರ 2008ನೇ ಇಸವಿಯನ್ನು ನೋಡಿ. ಆ ವರ್ಷ ಅವರ ತೊಡೆಮೂಳೆಯಲ್ಲಿ ಇಂಥದೇ ಬಿರುಕು ಪತ್ತೆಯಾದದ್ದು ಮೇ ತಿಂಗಳಲ್ಲಿ. ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್ ಮ್ಯಾರಥಾನ್ ಓಡಿ 2:32:38ರಲ್ಲಿ 23ನೆಯವರಾದರು. ನವೆಂಬರ್ 2ರಂದು ನ್ಯೂಯಾರ್ಕ್ ಮ್ಯಾರಥಾನನ್ನು 2:23:56ರಲ್ಲಿ ಗೆದ್ದರು. ಅದೇ ಕಾಲು, ಅದೇ ಓಟಗಾರ್ತಿ. ನಡುವೆ ಹನ್ನೊಂದು ವಾರ. ಒಬ್ಬರ ಉದಾಹರಣೆ ಪುರಾವೆ ಆಗುವುದಿಲ್ಲ, ನಿಜ. ಆದರೆ ತಿಂಗಳುಗಳ ಲೆಕ್ಕ ಹೇಗಿರುತ್ತೆ ಅನ್ನೋದಕ್ಕೆ ಅದು ಒಳ್ಳೇ ಚಿತ್ರ.

3. ತಟ್ಟೆಯ ಲೆಕ್ಕ

ಈ ಭಾಗ ಹೇಳೋದಕ್ಕೆ ನನಗೆ ಸ್ವಲ್ಪ ಸಂಕೋಚ. ಹೇಳದೇ ಹೋದರೆ ಪ್ರಬಂಧ ಅರ್ಧ ಆಗುತ್ತೆ. ಮೊದಲ ಬಿರುಕಿಗೆ ಮುಂಚೆ ಐದು ತಿಂಗಳು ನನಗೆ ಮುಟ್ಟು ನಿಂತಿತ್ತು. ನಾನು ಯಾರಿಗೂ ಹೇಳಲಿಲ್ಲ. ಹೊರಗೆ ಕೂರುವುದು ತಪ್ಪಿತು, ಅಭ್ಯಾಸ ತಪ್ಪಲಿಲ್ಲ ಅಂತ ಒಳಗೊಳಗೇ ಖುಷಿಪಟ್ಟಿದ್ದೆ. ಹುಡುಗಿಯರು ಗಟ್ಟಿಯಾಗಿ ಓಡಿದರೆ ಹಾಗಾಗುತ್ತೆ ಅಂತ ಕೇಳಿದ್ದೆ ಕೂಡ.

ಅದು ಗಟ್ಟಿತನದ ಗುರುತಲ್ಲ, ಊಟ ಸಾಲದ ಗುರುತು. ತಿಂದದ್ದರಲ್ಲಿ ಓಟಕ್ಕೆ ಖರ್ಚಾದದ್ದನ್ನು ಕಳೆದು ಉಳಿದ ಶಕ್ತಿಯಲ್ಲೇ ದೇಹ ಬೇರೆಲ್ಲ ಕೆಲಸ ನಡೆಸಬೇಕು. ಕೊಬ್ಬು ಬಿಟ್ಟು ಉಳಿದ ತೂಕದ ಪ್ರತಿ ಕಿಲೋಗೆ ದಿನಕ್ಕೆ 45 ಕಿಲೋಕ್ಯಾಲರಿ ಉಳಿದರೆ ಚೆನ್ನ. 2003ರಲ್ಲಿ ಲೌಕ್ಸ್ ಮತ್ತು ಥೂಮಾ ತೋರಿಸಿದ್ದೇನೆಂದರೆ, 30ಕ್ಕಿಂತ ಕೆಳಗಿಳಿದರೆ ಐದೇ ದಿನಗಳಲ್ಲಿ ಮುಟ್ಟನ್ನು ನಡೆಸುವ ಹಾರ್ಮೋನಿನ ಲಯ ಕೆಡುತ್ತೆ. ಈಸ್ಟ್ರೊಜೆನ್ ಇಳಿದರೆ ಮೂಳೆ ಕೊರೆಯುವ ಕೆಲಸ ಹೆಚ್ಚಿ, ತುಂಬುವ ಕೆಲಸ ಹಿಂದೆ ಬೀಳುತ್ತೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಶಕ್ತಿಯ ಕೊರತೆಗೆ ಒಂದು ಹೆಸರು ಕೊಟ್ಟು, ಗಂಡಸರಿಗೂ ಇದು ಆಗುತ್ತೆ ಅಂತ ಹೇಳಿತು.

ನನ್ನ ಲೆಕ್ಕ ಹೀಗಿದೆ. ತೂಕ 48 ಕಿಲೋ, ಕೊಬ್ಬು ಬಿಟ್ಟು ಸುಮಾರು 38. 38 ಅನ್ನು 45ರಿಂದ ಗುಣಿಸಿದರೆ 1,710. ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಒಂದು ಕಿಲೋಕ್ಯಾಲರಿ ಅಂದುಕೊಂಡರೆ 10 ಕಿ.ಮೀ. ಓಟಕ್ಕೆ 480. ಒಟ್ಟು ಸುಮಾರು 2,200 ಬೇಕು. ಹಾಸ್ಟೆಲ್‌ನಲ್ಲಿ ಬೆಳಗಿನ ಓಟ ಮುಗಿಸಿ ಬರೋ ಹೊತ್ತಿಗೆ ತಿಂಡಿ ಖಾಲಿ ಆಗಿರ್ತಿತ್ತು. ಮಧ್ಯಾಹ್ನದ ತನಕ ಟೀ, ಬಿಸ್ಕತ್ತು. ನಾನು 1,600 ಮುಟ್ಟಿದ್ದೇ ಅನುಮಾನ.

'ನಾವು ರಾಗಿ ತಿನ್ನೋ ಜನ, ನಮ್ಮ ಮೂಳೆ ಗಟ್ಟಿ' ಅನ್ನೋ ಮಾತು ನಮ್ಮ ಕಡೆ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರೋದು ನಿಜ. ಆದರೆ ಒಟ್ಟು ಶಕ್ತಿಯೇ ಸಾಲದಿದ್ದಾಗ ಕ್ಯಾಲ್ಸಿಯಂ ಒಂದೇ ಮೂಳೆ ಕಟ್ಟಲಾರದು. ಮುದ್ದೆಯ ಜೊತೆ ಹುರುಳಿ ಸಾರು, ಮೊಟ್ಟೆ, ಓಟ ಮುಗಿದ ಕೂಡಲೇ ಒಂದು ಹಿಡಿ ಕಡ್ಲೆಕಾಯಿ, ಬೆಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ. ಎಲ್ಲವೂ ಮನೆಯಲ್ಲೇ ಇತ್ತು.

4. ಎರಡನೇ ಸಲ ಮರಳಿದ್ದು

ವಾರಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಡಿ ಅನ್ನೋ ನಿಯಮ ಎಲ್ಲರೂ ಹೇಳ್ತಾರೆ. 2008ರಲ್ಲಿ ನೆದರ್ಲೆಂಡ್ಸ್‌ನ ಗ್ರೊನಿಂಗನ್‌ನಲ್ಲಿ 532 ಹೊಸ ಓಟಗಾರರ ಮೇಲೆ ಅದನ್ನು ಪರೀಕ್ಷಿಸಿದರು. ನಿಯಮ ಪಾಲಿಸಿದ ಗುಂಪಿನಲ್ಲೂ ಪಾಲಿಸದ ಗುಂಪಿನಲ್ಲೂ ಐದರಲ್ಲಿ ಒಬ್ಬರಿಗೆ ಗಾಯ. ಆದ್ದರಿಂದ ಶೇಕಡಾವಾರು ಲೆಕ್ಕ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಕಾಲು ಏನು ಹೇಳುತ್ತೆ ಅಂತ ದಿನವೂ ನೋಡಬೇಕು.

ನಾನು ಪಾಲಿಸಿದ ಕ್ರಮ ಇದು. ಮೂಳೆ ಒತ್ತಿದರೆ ನೋವಿರಬಾರದು, ಅರ್ಧ ಗಂಟೆ ನಡೆದರೂ ನೋವಿರಬಾರದು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಸಿಮೆಂಟು ರಸ್ತೆ ಬಿಟ್ಟು ಮಣ್ಣಿನ ದಾರಿ. ಮರುದಿನ ಬೆಳಿಗ್ಗೆ ಆ ಜಾಗದಲ್ಲಿ ನೋವು ಕಂಡರೆ ಒಂದು ಹೆಜ್ಜೆ ಹಿಂದಕ್ಕೆ. ಮೊದಲು ಸಮಯ ಹೆಚ್ಚಿಸೋದು, ವೇಗ ಕೊನೆಗೆ. ವೇಗ ಹೆಚ್ಚಿದಂತೆ ಪ್ರತಿ ಹೆಜ್ಜೆಯ ಭಾರವೂ ಹೆಚ್ಚುತ್ತೆ. ಜೊತೆಗೆ ವಾರಕ್ಕೆ ಎರಡು ಸಲ ಮೀನಖಂಡ, ತೊಡೆಗಳಿಗೆ ಭಾರದ ವ್ಯಾಯಾಮ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡದ್ದು: ಒಂದೇ ಸಮನೆ ಭಾರ ಬಿದ್ದರೆ ಮೂಳೆಯ ಕೋಶಗಳು ಬೇಗ ಸ್ಪಂದಿಸುವುದನ್ನು ಬಿಡುತ್ತವೆ, ಕೆಲವು ಗಂಟೆ ಬಿಡುವು ಕೊಟ್ಟರೆ ಮತ್ತೆ ಸ್ಪಂದಿಸುತ್ತವೆ. ಅದಕ್ಕೇ ನಾನು 40 ನಿಮಿಷವನ್ನು ಬೆಳಿಗ್ಗೆ 20, ಸಂಜೆ 20 ಅಂತ ಒಡೆದೆ.

ಸ್ಪರ್ಧೆಗೆ ನಾನು ಇಟ್ಟುಕೊಂಡ ಶರತ್ತು ಮೂರು: ಬಿರುಕು ಕೂಡಿ ಆರು ತಿಂಗಳಾಗಿರಬೇಕು, ಮುಟ್ಟು ಮೂರು ತಿಂಗಳು ಸರಿಯಾಗಿ ಬಂದಿರಬೇಕು, ವಾರಕ್ಕೆ ಎರಡು ವೇಗದ ಓಟ ನೋವಿಲ್ಲದೆ ಮುಗಿಸಿರಬೇಕು. ಮೊದಲ ಎರಡು ಮುಗಿದಿವೆ.

ಕೊನೆಯಲ್ಲಿ ಒಬ್ಬರು ಮೇಡಂ ಕೇಳಿದರು: "ಈ ಸಲದ ವಿಶ್ವವಿದ್ಯಾಲಯದ ಕ್ರಾಸ್ ಕಂಟ್ರಿ ಬಿಟ್ಟರೆ ನಿನಗೆ ವಯಸ್ಸು ಮೀರುತ್ತಲ್ಲಮ್ಮ, ಏನ್ಮಾಡ್ತೀಯಾ?"

"ಮೀರುತ್ತೆ ಮೇಡಂ. ಮೂರನೇ ಶರತ್ತು ಮುಗಿಯದಿದ್ದರೆ ಓಡಲ್ಲ. ಹೋದ ಸಲ ಇದೇ ಹೆದರಿಕೆಗೆ ಓಡಿದ್ದೆ. ಓಪನ್ ಕೂಟಗಳು ಇನ್ನೂ ಇವೆ, ಅವಕ್ಕೆ ಹೋಗ್ತೀನಿ. ಒಂದು ಕೇಳ್ಕೊಳ್ತೀನಿ: ತಂಡದ ಹುಡುಗಿಯರನ್ನು ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳೋ ಹಾಗೇ, ಮುಟ್ಟು ಸರಿಯಾಗಿ ಆಗ್ತಿದೆಯಾ, ತಿಂಡಿ ತಿಂದೆಯಾ ಅಂತಾನೂ ಕೇಳಿ. ನನ್ನನ್ನು ಯಾರಾದರೂ ಕೇಳಿದ್ದಿದ್ದರೆ ಮೊದಲ ಬಿರುಕೇ ತಪ್ಪುತ್ತಿತ್ತೇನೋ."