ಹಿಂದಿನ ಸಾಲಿಗೂ ಕೇಳಲಿ ಅಂತ ಏಳು ತಂತಿ ಕಟ್ಟಿದರು!

ಯಾರಾದರೂ ಉದ್ದಕ್ಕೆ ಕೊರೆದರೆ ‘ಸಾಕಪ್ಪಾ, ಪಿಟೀಲು ಕುಯ್ಯಬೇಡ’ ಅಂತೀವಿ. ಅಂಗಡಿ ಕಟ್ಟೆಯಲ್ಲಿ, ಬಸ್ಸಿನಲ್ಲಿ ದಿನಾ ಕೇಳೋ ಮಾತು. ಆದರೆ ತಿ. ನರಸೀಪುರದ ಬಸ್ಸು ಹತ್ತುವವರು ಈ ಮಾತು ಆಡುವಾಗ ಸ್ವಲ್ಪ ನಾಲಿಗೆ ಕಚ್ಚಿಕೊಳ್ಳಬೇಕು. ಯಾಕೆಂದರೆ ಪಿಟೀಲಿಗೆ ಹೊಸ ಗಂಟಲು ಕೊಟ್ಟ ಪುಣ್ಯಾತ್ಮ ಅದೇ ಊರಿನವರು. ಅವರೇ ತಿರುಮಕೂಡಲು ಚೌಡಯ್ಯ. ಜನ ಕರೆದದ್ದು ಪಿಟೀಲು ಚೌಡಯ್ಯ ಅಂತ.

ಕಾವೇರಿ, ಕಪಿಲೆ ಕೂಡುವ ಆ ಊರಿನಲ್ಲಿ 1895ರಲ್ಲಿ ಹುಟ್ಟಿದರು. 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗಮನಿಸಿ, ಕೃಷ್ಣಪ್ಪನವರು ಹಾಡುಗಾರರು. ಹುಡುಗ ಹಿಡಿದದ್ದು ಪಿಟೀಲು. ಹಾಡುವವರ ಮನೆಯಲ್ಲಿ ಬೆಳೆದ ಪಿಟೀಲಾದ್ದರಿಂದ ಅದು ಬರೀ ನುಡಿದರೆ ಸಾಲದು, ಹಾಡಬೇಕಿತ್ತು.

ಇಲ್ಲೇ ಇತ್ತು ತೊಡಕು.

ಈ ವರದಿಗಾರ ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನು. ರಾಗ-ತಾಳದ ಲೆಕ್ಕ ತಲೆಗೆ ಹತ್ತೋದಿಲ್ಲ. ಆದರೆ ಕೂಗಿ ಕರೆದರೂ ಗಿರಾಕಿಗೆ ಕೇಳದಿದ್ದರೆ ಅಂಗಡಿಯವನ ಗತಿ ಏನು ಅನ್ನೋದು ಗೊತ್ತು. ಆಗಿನ ಕಛೇರಿಗಳಲ್ಲಿ ಪಿಟೀಲಿನ ಗತಿಯೂ ಅದೇ. ಮೈಕಿಲ್ಲದ ಕಾಲ. ಗುಡಿಯ ಅಂಗಳದಲ್ಲೋ ಮದುವೆ ಚಪ್ಪರದಲ್ಲೋ ಜನ ಕಿಕ್ಕಿರಿದು ಕೂತಿರೋರು. ಹಾಡುವವರ ಗಂಟಲು ದೊಡ್ಡದು, ಮೃದಂಗದ ಪೆಟ್ಟು ದೊಡ್ಡದು. ನಡುವೆ ನಾಲ್ಕು ತಂತಿಯ ಪಿಟೀಲು ಏನು ಹೇಳಿತೋ, ಮುಂದೆ ಕೂತ ದೊಡ್ಡವರಿಗೆ ಕೇಳಿಸಿದರೂ ಹಿಂದೆ ನಿಂತವರಿಗೆ ಕಮಾನು ಆಡಿದ್ದಷ್ಟೇ ಕಾಣೋದು.

ಇದಕ್ಕೆ ಚೌಡಯ್ಯನವರು 1927ರ ವೇಳೆಗೆ ದಾರಿ ಕಂಡುಕೊಂಡರು. ಇದ್ದ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ ಕಟ್ಟಿದರು. ಒಟ್ಟು ಏಳಾಯಿತು. ಜೋಡಿಯ ಎರಡು ತಂತಿಗಳಿಗೆ ಒಂದೇ ಸ್ವರ, ಆದರೆ ಒಂದು ಸ್ಥಾಯಿ ಅಂತರ. ಕಮಾನು ಒಮ್ಮೆ ಎಳೆದರೆ ಎರಡೂ ಒಟ್ಟಿಗೆ ನುಡಿಯಬೇಕು. ತಂದೆ ಮಗ ಜೊತೆಗೂಡಿ ಹಾಡಿದ ಹಾಗೆ, ನಾದ ತುಂಬಿಕೊಂಡು ಕಡೆಯ ಸಾಲಿಗೆ ಹೋಗಿ ಮುಟ್ಟುತ್ತಿತ್ತು.

ಹೇಳೋದು ಸುಲಭ ಸ್ವಾಮಿ. ನಾಲ್ಕು ತಂತಿಯ ಶ್ರುತಿ ಸೇರಿಸೋದರಲ್ಲೇ ಬೆವರಿಳಿಯುತ್ತೆ, ಇಲ್ಲಿ ಏಳು! ಒಂದೇ ಬೆರಳು ಎರಡು ತಂತಿಯನ್ನು ಸಮನಾಗಿ ಒತ್ತಬೇಕು. ಕೂದಲೆಳೆಯಷ್ಟು ತಪ್ಪಿದರೆ ಎರಡು ಸ್ವರ ಜಗಳ ಆಡುತ್ತವೆ. ಆ ಜಗಳ ಕಡೆಯ ಸಾಲಿಗೂ ಕೇಳಿಸುತ್ತೆ. ಹಾಗಿದ್ದೂ ಅದನ್ನೇ ನೆಚ್ಚಿ ನುಡಿಸಿದರು. ಸಾಲದು ಅಂತ 19 ತಂತಿಯ ಪಿಟೀಲನ್ನೂ ಮಾಡಿ ನೋಡಿದರು.

ಫಲ ಸಿಕ್ಕಿತು. ಕಂಚಿನ ಕಂಠದ ಚೆಂಬೈ ವೈದ್ಯನಾಥ ಭಾಗವತರಂಥವರ ಪಕ್ಕದಲ್ಲೂ ಚೌಡಯ್ಯನವರ ಪಿಟೀಲು ತಲೆ ತಗ್ಗಿಸಲಿಲ್ಲ. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ, ಚೌಡಯ್ಯ, ಈ ಮೂವರನ್ನು ಪಿಟೀಲಿನ ತ್ರಿಮೂರ್ತಿಗಳು ಅನ್ನುತ್ತಿದ್ದರು. 1939ರಲ್ಲಿ ಮೈಸೂರು ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ‘ಸಂಗೀತ ಕಲಾನಿಧಿ’ ಬಿರುದು ಕೊಟ್ಟಿತು. ತಾವೇ ಕೃತಿಗಳನ್ನು ರಚಿಸಿದರು, ಅಂಕಿತ ‘ತ್ರಿಮಕುಟ’. ಊರಿನ ಹೆಸರನ್ನೇ ಅಂಕಿತದಲ್ಲಿ ಇಟ್ಟುಕೊಂಡರು ನೋಡಿ!

ಸಿನಿಮಾನೂ ಬಿಡಲಿಲ್ಲ. 1943ರಲ್ಲಿ ‘ವಾಣಿ’ ಚಿತ್ರ ನಿರ್ಮಿಸಿದರು. ನಟಿ ಪಂಡರಿಬಾಯಿ ಬೆಳ್ಳಿತೆರೆಗೆ ಬಂದದ್ದು ಅದರಲ್ಲೇ. ಕಛೇರಿಗೆ ಬರಲಾಗದವರೂ ಚೆಂಬೈ-ಚೌಡಯ್ಯ ಜೋಡಿಯನ್ನು ತೆರೆಯ ಮೇಲೆ ನೋಡಿದರು, ಕೇಳಿದರು.

1967ರ ಜನವರಿ 19ರಂದು ಚೌಡಯ್ಯನವರು ತೀರಿಕೊಂಡರು. ಅಷ್ಟರಲ್ಲಿ ಮೈಕು ಬಂದಾಗಿತ್ತು. ನಾಲ್ಕೇ ತಂತಿ ಇದ್ದರೂ ಊರಿಗೆಲ್ಲ ಕೇಳುವ ಕಾಲ. ಇವತ್ತು ಕಛೇರಿಗೆ ಹೋದರೆ ಸಾಮಾನ್ಯವಾಗಿ ಕಾಣೋದು ನಾಲ್ಕು ತಂತಿಯದ್ದೇ. ಏಳು ತಂತಿಯದ್ದನ್ನು ಎಲ್ಲರೂ ನೋಡಬೇಕೆಂದರೆ ಬೆಂಗಳೂರಿಗೆ ಹೋಗಬೇಕು. ಅಲ್ಲಿ 1980ರಲ್ಲಿ ಕೆ.ಕೆ. ಮೂರ್ತಿಯವರು ಕಟ್ಟಿಸಿದ ಚೌಡಯ್ಯ ಸ್ಮಾರಕ ಭವನ ಇದೆ. ಕಟ್ಟಡವೇ ಪಿಟೀಲಿನ ಆಕಾರ. ತಂತಿ, ಬಿರಡೆ, ಕಮಾನು ಎಲ್ಲ ಉಂಟು, ನಾದ ಒಂದು ಬಿಟ್ಟು.

ಹಾಗಾದರೆ ಅಷ್ಟು ಪಾಡುಪಟ್ಟದ್ದು ದಂಡವೇ? ನನಗೆ ಹಾಗನ್ನಿಸೋದಿಲ್ಲ. ಮೈಕು ಬಂದು ತಂತಿಯ ಕೆಲಸ ಮುಗಿಸಿರಬಹುದು. ಆದರೆ ಪಕ್ಕದಲ್ಲಿ ಕೂತವನ ಮಾತಿಗೂ ಬೆಲೆ ಇದೆ, ಹಿಂದೆ ನಿಂತವನ ಕಿವಿಗೂ ಹಕ್ಕಿದೆ ಅಂತ ಯಾರಾದರೂ ಯೋಚಿಸಬೇಕಲ್ಲ? ಆ ಯೋಚನೆಗೆ ಮೈಕು ಸಿಗೋದಿಲ್ಲ.

ಬಸ್ಸಿನಲ್ಲಿ ಸೀಟು ಸಿಗದೆ ಹಿಂದೆ ನೇತಾಡುವ ನಮ್ಮಂಥವರನ್ನು ನೆನೆದು ಏಳು ತಂತಿ ಕಟ್ಟಿದವರು ಅವರು. ಇನ್ನು ಮುಂದೆ ಪಿಟೀಲು ಕುಯ್ಯಬೇಡ ಅನ್ನುವ ಮುಂಚೆ ಒಂದು ಸಲ ಚೌಡಯ್ಯನವರನ್ನು ನೆನೆಯಿರಿ.